ಡೀಸೆಲ್ ಕಾರು: ಹೊಗೆ ನಿಯಮ, ಬೆಲೆ ಮತ್ತು ಮೈಲೇಜ್

ಡೀಸೆಲ್ ಕಾರನ್ನು ಯಾರೂ ಚೆಂದಕ್ಕೆ ಕೊಂಡದ್ದಿಲ್ಲ, ಲೆಕ್ಕ ಹಾಕಿ ಕೊಂಡದ್ದು. ಶೋರೂಮಿನಲ್ಲಿ ಒಂದು ಲಕ್ಷ ಹೆಚ್ಚು ಕೊಟ್ಟರೂ ಬಂಕಿನಲ್ಲಿ ಅದು ವಾಪಸು ಬರುತ್ತದೆ ಎಂಬ ನಂಬಿಕೆಯೇ ಆ ವ್ಯಾಪಾರದ ಬುನಾದಿ. 2012-13ರಲ್ಲಿ ಭಾರತದಲ್ಲಿ ಮಾರಾಟವಾದ ಪ್ರತಿ 100 ಪ್ರಯಾಣಿಕ ವಾಹನಗಳಲ್ಲಿ ಸುಮಾರು 58 ಡೀಸೆಲ್ಲಿನವು. 2020-21ರ ಹೊತ್ತಿಗೆ ಆ ಸಂಖ್ಯೆ 20ಕ್ಕಿಂತ ಕೆಳಗಿಳಿದಿತ್ತು. ‘ಬಿಎಸ್-6 ಬಂತು, ಡೀಸೆಲ್ ಗಾಡಿಯ ಮೈಲೇಜೂ ಹೋಯಿತು, ಗಾಡಿಯೂ ಹೋಯಿತು’ ಎನ್ನುವುದು ಗ್ಯಾರೇಜುಗಳಲ್ಲಿ ಕೇಳಿಬರುವ ತೀರ್ಪು. ಇದು ಅರ್ಧ ಸತ್ಯ. ಬಿಎಸ್-6ರಂಥ ಹೊಗೆ ನಿಯಮಗಳು ಮೈಲೇಜಿಗೆ ಕೊಟ್ಟ ಪೆಟ್ಟು ಸಣ್ಣದು, ಬೆಲೆಗೆ ಕೊಟ್ಟದ್ದು ದೊಡ್ಡದು. ಅದೂ ಎಲ್ಲ ಕಾರುಗಳ ಮೇಲೆ ಒಂದೇ ಸಮನಾಗಿ ಬೀಳದೆ, ಬಡ ಗಾಡಿಯ ಬೆನ್ನ ಮೇಲೇ ಹೆಚ್ಚು ಬಿತ್ತು. ಭಾರತದ ಅನುಭವವನ್ನು ಮುಂದಿಟ್ಟುಕೊಂಡು ಈ ಸಂಗತಿಯನ್ನು ಇಲ್ಲಿ ವಿವರಿಸಲಾಗಿದೆ.

ಎಂಜಿನ್ನಿನೊಳಗಿನ ತಕರಾರು

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನ ಬೆರೆತ ಮೇಲೆ ಸ್ಪಾರ್ಕ್ ಪ್ಲಗ್ ಕಿಡಿ ಹೊತ್ತಿಸುತ್ತದೆ. ಡೀಸೆಲ್ಲಿನಲ್ಲಿ ಕಿಡಿ ಇಲ್ಲ. ಬರೀ ಗಾಳಿಯನ್ನು ಹದಿನಾರು, ಹದಿನೆಂಟು ಪಟ್ಟು ಒತ್ತಿದರೆ ಅದು ಕಾದು ಕೆಂಡವಾಗುತ್ತದೆ. ಆ ಬಿಸಿಗೆ ಚಿಮ್ಮಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಹೆಚ್ಚು ಒತ್ತಡ, ಧಾರಾಳ ಗಾಳಿ, ಗಾಳಿಯ ದಾರಿಗೆ ಅಡ್ಡ ನಿಲ್ಲುವ ಥ್ರಾಟಲ್ ಇಲ್ಲದಿರುವುದು, ಈ ಮೂರರಿಂದ ಡೀಸೆಲ್ ಎಂಜಿನ್ ಅದೇ ಶಾಖದಿಂದ ಹೆಚ್ಚು ಕೆಲಸ ತೆಗೆಯುತ್ತದೆ.

ಮೈಲೇಜಿನ ಹೆಮ್ಮೆಯಲ್ಲಿ ಲೀಟರಿನ ಪಾಲೂ ಇದೆ. ಒಂದು ಲೀಟರ್ ಪೆಟ್ರೋಲ್ ಸುಮಾರು 745 ಗ್ರಾಂ ತೂಗಿದರೆ ಡೀಸೆಲ್ 830 ಗ್ರಾಂ ಆಸುಪಾಸಿನಲ್ಲಿ ತೂಗುತ್ತದೆ. ಹಾಗಾಗಿ ಒಂದು ಲೀಟರ್ ಡೀಸೆಲ್ಲಿನಲ್ಲಿ ಶಕ್ತಿಯೂ ಶೇ. 12ರಷ್ಟು ಹೆಚ್ಚು. ಪೆಟ್ರೋಲ್ ಕಾರು 16 ಕಿ.ಮೀ. ಕೊಡುವ ಕಡೆ ಡೀಸೆಲ್ 20 ಕೊಟ್ಟರೆ, ಆ ವ್ಯತ್ಯಾಸದ ಅರ್ಧದಷ್ಟು ಮಾತ್ರ ಎಂಜಿನ್ನಿನ ಜಾಣತನ, ಉಳಿದದ್ದು ಅಳತೆಯ ಲಾಭ. ಉರಿದಾಗ ಒಂದು ಲೀಟರ್ ಪೆಟ್ರೋಲಿನಿಂದ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಬಂದರೆ ಡೀಸೆಲ್ಲಿನಿಂದ 2.6 ಕಿಲೋಗೂ ಮಿಕ್ಕಿ ಬರುತ್ತದೆ. ಶೋರೂಮಿನವರು ಈ ಲೆಕ್ಕ ಹೇಳುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ.

ಹೆಚ್ಚು ಕೆಲಸ ತೆಗೆಯುವ ಆ ಬಿಸಿಯೇ ತಕರಾರಿಗೂ ಮೂಲ. ಸಾಮಾನ್ಯವಾಗಿ ಯಾರ ತಂಟೆಗೂ ಹೋಗದ ಗಾಳಿಯ ನೈಟ್ರೋಜನ್, ಆ ಉರಿಯಲ್ಲಿ ಆಮ್ಲಜನಕದ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್‌ಗಳಾಗುತ್ತದೆ. ವಾಹನ ಲೋಕದಲ್ಲಿ ಇದರ ಅಡ್ಡಹೆಸರು ನಾಕ್ಸ್. ಚಿಮ್ಮಿದ ಡೀಸೆಲ್ ಹನಿಗಳ ನಡುವೆ ಗಾಳಿ ಸಾಲದ ಕಡೆ ಮಸಿ ಹುಟ್ಟುತ್ತದೆ. ಮಸಿ ಕಣ್ಣಿಗೆ ಕಾಣುತ್ತದೆ, ನಾಕ್ಸ್ ಸಾಮಾನ್ಯವಾಗಿ ಕಾಣದು. ಇಂಧನ ಚಿಮ್ಮಿಸುವ ಗಳಿಗೆಯನ್ನು ಕೊಂಚ ತಡ ಮಾಡಿದರೆ ಉರಿ ತಣಿದು ನಾಕ್ಸ್ ಇಳಿಯುತ್ತದೆ. ಆದರೆ ಮಸಿ ಏರುತ್ತದೆ, ಮೈಲೇಜ್ ಬೀಳುತ್ತದೆ. ಬೇಗ ಚಿಮ್ಮಿಸಿದರೆ ಮೈಲೇಜ್ ಚೆನ್ನ, ಮಸಿ ಕಡಿಮೆ, ನಾಕ್ಸ್ ಮಾತ್ರ ಗಗನಕ್ಕೆ. ಅತ್ತ ದರಿ, ಇತ್ತ ಪುಲಿ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಉಣಿಸಿ ಉರಿಯನ್ನು ತಣಿಸುವ ಇಜಿಆರ್ ಎಂಬ ವ್ಯವಸ್ಥೆಯೂ ಇದೇ ಚೌಕಾಸಿಯ ಒಂದು ರೂಪ.

ಪೆಟ್ರೋಲ್ ಕಾರಿಗೆ ಈ ಸಂಕಟವಿಲ್ಲ. ಅದರ ಸೈಲೆನ್ಸರಿಗೆ ಹೋಗುವ ಕೊಳವೆಯಲ್ಲಿ ಒಂದೇ ಒಂದು ಕ್ಯಾಟಲಿಟಿಕ್ ಕನ್ವರ್ಟರ್ ಕೂತು ಮೂರು ಬಗೆಯ ವಿಷವನ್ನೂ ಒಟ್ಟಿಗೆ ಶುದ್ಧ ಮಾಡುತ್ತದೆ. ಡೀಸೆಲ್ ಹೊಗೆಯಲ್ಲಿ ಆಮ್ಲಜನಕ ಉಳಿದಿರುವುದರಿಂದ ಆ ಉಪಾಯ ನಾಕ್ಸ್ ಮೇಲೆ ನಡೆಯುವುದಿಲ್ಲ. ಮಸಿಗೊಂದು ಯಂತ್ರ, ನಾಕ್ಸ್‌ಗೊಂದು ಯಂತ್ರ ಬೇಕು. ಡೀಸೆಲ್ ಕಾರಿನ ಬೆಲೆಯ ಕಥೆಯೆಲ್ಲ ಈ ಒಂದು ರಾಸಾಯನಿಕ ಅಡ್ಡಿಯಿಂದ ಹುಟ್ಟಿದ್ದು.

ನಿಯಮದ ಮೆಟ್ಟಿಲು

ಭಾರತದಲ್ಲಿ ಡೀಸೆಲ್ ವಾಹನಗಳ ಹೊಗೆಗೆ ಮೊದಲ ಮಿತಿ ಬಂದದ್ದು 1992ರಲ್ಲಿ, ಅದು ಬಿಗಿಯಾದದ್ದು 1996ರಲ್ಲಿ. ದೆಹಲಿಯ ಗಾಳಿಯ ಬಗ್ಗೆ ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1999ರಲ್ಲಿ ಕೊಟ್ಟ ಆದೇಶದಿಂದ ಯುರೋಪಿನ ಮಾದರಿಯ ನಿಯಮಗಳು ಇಲ್ಲಿ ಕಾಲಿಟ್ಟವು. ಆಮೇಲೆ ಅವುಗಳಿಗೆ ಭಾರತ್ ಸ್ಟೇಜ್ ಎಂದು ಹೆಸರಾಯಿತು, ಬಾಯಲ್ಲಿ ಬಿಎಸ್ ಎಂದು ಉಳಿಯಿತು. ಬಿಎಸ್-2 ದೇಶಕ್ಕೆಲ್ಲ ಬಂದದ್ದು 2005ರಲ್ಲಿ, ಬಿಎಸ್-3 ಬಂದದ್ದು 2010ರಲ್ಲಿ. ಅದೇ 2010ರ ಏಪ್ರಿಲ್‌ನಿಂದ ಬೆಂಗಳೂರು ಸೇರಿದಂತೆ 13 ನಗರಗಳಲ್ಲಿ ಬಿಎಸ್-4 ಜಾರಿಗೆ ಬಂತು.

ಒಂದೇ ದೇಶಕ್ಕೆ ಎರಡು ಅಳತೆಗೋಲು ಇಟ್ಟ ಆ ಏರ್ಪಾಟು ವಿಚಿತ್ರವಾದದ್ದು. ಬಿಎಸ್-4 ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 50 ಪಾಲು ಮೀರುವಂತಿಲ್ಲ, ಬಿಎಸ್-3ರಲ್ಲಿ 350ರವರೆಗೆ ಇರಬಹುದು. ಬೆಂಗಳೂರಿನಲ್ಲಿ ಕೊಂಡ ಬಿಎಸ್-4 ಕಾರು ಚಿತ್ರದುರ್ಗ ದಾಟುವಷ್ಟರಲ್ಲಿ ಬೇರೆಯದೇ ಡೀಸೆಲ್ ಕುಡಿಯುತ್ತಿತ್ತು. ಗಂಧಕ ಕ್ಯಾಟಲಿಸ್ಟಿಗೆ ವಿಷ. ಮೊದಲು ಎಣ್ಣೆ ಶುದ್ಧವಾಗದೆ ಗಾಡಿಯ ಹೊಗೆ ಶುದ್ಧವಾಗದು ಎಂಬ ಸರಳ ಸಂಗತಿ ನೀತಿ ಮಾಡುವವರ ತಲೆಗೆ ಇಳಿಯಲು ಬಹಳ ಕಾಲ ಹಿಡಿಯಿತು. ಬಿಎಸ್-4 ಇಡೀ ದೇಶಕ್ಕೆ ಬಂದದ್ದು 2017ರ ಏಪ್ರಿಲ್ 1ರಂದು.

ಮುಂದಿನದು ಬಿಎಸ್-5 ಆಗಬೇಕಿತ್ತು. 2014ರಲ್ಲಿ ಸೌಮಿತ್ರ ಚೌಧರಿ ಸಮಿತಿ ಬಿಎಸ್-5ಕ್ಕೆ 2020, ಬಿಎಸ್-6ಕ್ಕೆ 2024 ಎಂದು ಗಡುವು ಸೂಚಿಸಿತ್ತು. 2015ರ ಕೊನೆಯಲ್ಲಿ ದೆಹಲಿಯ ಗಾಳಿ ಉಸಿರು ಕಟ್ಟಿಸುವಂತಾಯಿತು. ಆ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು 2000 ಸಿ.ಸಿ. ಮತ್ತು ಮೇಲ್ಪಟ್ಟ ಡೀಸೆಲ್ ಕಾರುಗಳ ನೋಂದಣಿಯನ್ನೇ ರಾಜಧಾನಿ ಪ್ರದೇಶದಲ್ಲಿ ನಿಲ್ಲಿಸಿತು. ಮಹೀಂದ್ರ ಕಂಪನಿ ಕೆಲವೇ ವಾರಗಳಲ್ಲಿ 1.99 ಲೀಟರಿನ ಎಂಜಿನ್ ತಂದು ರಂಗೋಲಿ ಕೆಳಗೆ ನುಸುಳಿತು. ಆ ನಿಷೇಧ 2016ರ ಆಗಸ್ಟಿನಲ್ಲಿ ಶೇ. 1ರ ಹಸಿರು ಸೆಸ್ಸಿನೊಂದಿಗೆ ತೆರವಾಯಿತು. ಅಷ್ಟರೊಳಗೆ, 2016ರ ಜನವರಿಯಲ್ಲೇ, ಕೇಂದ್ರ ಸರ್ಕಾರ ಬಿಎಸ್-5ನ್ನು ಹಾರಿ 2020ರ ಏಪ್ರಿಲ್ 1ಕ್ಕೆ ನೇರ ಬಿಎಸ್-6 ಎಂದು ಸಾರಿತ್ತು.

ಹಾರಿದ ಆ ಮೆಟ್ಟಿಲು ಸಣ್ಣದಲ್ಲ. ಯುರೋಪಿನಲ್ಲಿ 2009ರ ಯುರೋ-5 ಮಸಿ ಸೋಸುವ ಫಿಲ್ಟರನ್ನು ಕಡ್ಡಾಯದಂತೆ ಮಾಡಿತು, 2014ರ ಯುರೋ-6 ನಾಕ್ಸ್ ಯಂತ್ರವನ್ನು ತಂದಿತು. ನಡುವೆ ಐದು ವರ್ಷ ಬಿಡುವಿತ್ತು. ಇಲ್ಲಿ ಎರಡೂ ಒಂದೇ ಏಪ್ರಿಲ್‌ನಲ್ಲಿ ಬಂದವು. ಡೀಸೆಲ್ ಕಾರಿನ ನಾಕ್ಸ್ ಮಿತಿ ಕಿ.ಮೀ.ಗೆ 250 ಮಿಲಿಗ್ರಾಂನಿಂದ 80ಕ್ಕೆ, ಕಣಗಳ ಮಿತಿ 25ರಿಂದ 4.5ಕ್ಕೆ ಇಳಿಯಿತು. ಕಣಗಳ ತೂಕದ ಜೊತೆ ಅವುಗಳ ಎಣಿಕೆಗೂ ಮಿತಿ ಬಂತು. ಡೀಸೆಲ್ಲಿನ ಗಂಧಕ 10 ಪಾಲಿಗೆ ಇಳಿಯಿತು. ಮಂಗಳೂರಿನದೂ ಸೇರಿ ದೇಶದ ತೈಲ ಶುದ್ಧೀಕರಣ ಘಟಕಗಳು ಇದಕ್ಕಾಗಿ ಒಟ್ಟು 30 ಸಾವಿರ ಕೋಟಿ ರೂಪಾಯಿಯ ಆಸುಪಾಸಿನಲ್ಲಿ ಹೂಡಬೇಕಾಯಿತು.

ಇನ್ನೊಂದು ಹೋಲಿಕೆ ಇಲ್ಲಿ ಹೇಳಲೇಬೇಕು. ಬಿಎಸ್-4ರಲ್ಲಿ ಪೆಟ್ರೋಲ್ ಕಾರಿಗೆ ನಾಕ್ಸ್ ಮಿತಿ 80 ಮಿಲಿಗ್ರಾಂ ಇದ್ದಾಗ ಡೀಸೆಲ್ಲಿಗೆ 250 ಇತ್ತು. ಮೂರು ಪಟ್ಟು ಹೊಲಸು ಬಿಡುವ ಪರವಾನಗಿ ಅದು. ಬಿಎಸ್-6ರಲ್ಲಿ ಈ ಅಂಕಿಗಳು 60 ಮತ್ತು 80. ಡೀಸೆಲ್ ಕಾರು ದುಬಾರಿಯಾಯಿತು ಎನ್ನುವಾಗ, ಅದು ಅಷ್ಟು ವರ್ಷ ರಿಯಾಯಿತಿಯಲ್ಲಿ ಓಡಿತ್ತು ಎಂಬುದನ್ನೂ ನೆನಪಿಟ್ಟುಕೊಳ್ಳುವುದು ನ್ಯಾಯ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ವರ್ಗೀಕರಿಸಿತ್ತು.

ಮೈಲೇಜ್ ಏರಿಸಿದ ನಿಯಮಗಳು

ನಿಯಮ ಬಿಗಿಯಾದಂತೆಲ್ಲ ಮೈಲೇಜ್ ಇಳಿಯಬೇಕು ಎಂದುಕೊಂಡರೆ ಇತಿಹಾಸ ಬೇರೆಯೇ ಹೇಳುತ್ತದೆ. ಡೀಸೆಲ್ ಅಂಬಾಸಡರ್, 1998ರ ಕೊನೆಯಲ್ಲಿ ಬಂದ ಟಾಟಾ ಇಂಡಿಕಾ ಇವುಗಳಲ್ಲಿ ಇದ್ದದ್ದು ಪಕ್ಕದ ಸಣ್ಣ ಕೋಣೆಗೆ ಡೀಸೆಲ್ ಚಿಮ್ಮಿಸುವ ಹಳೆಯ ಬಗೆಯ ಎಂಜಿನ್. ಆ ಕೋಣೆಯ ಗೋಡೆಗೇ ಶಾಖ ಸೋರಿಹೋಗುತ್ತಿತ್ತು. ಚಳಿಗಾಲದ ಬೆಳಿಗ್ಗೆ ಹೀಟರ್ ದೀಪ ಆರುವವರೆಗೆ ಕಾದು ಕೀಲಿ ತಿರುಗಿಸಿದ ನೆನಪು ಆ ಕಾಲದ ಚಾಲಕರಿಗೆಲ್ಲ ಇರುತ್ತದೆ.

ಆ ಎಂಜಿನ್ನುಗಳ ಹೃದಯ ಮೆಕ್ಯಾನಿಕಲ್ ಪಂಪು. ಅದಕ್ಕೂ ಬೆಂಗಳೂರಿಗೂ ಹಳೆಯ ನಂಟು. 1951ರಲ್ಲಿ ಸ್ಥಾಪನೆಯಾಗಿ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಾರ್ಖಾನೆ ಬಾಷ್ ಕಂಪನಿಯ ತಂತ್ರಜ್ಞಾನದಲ್ಲಿ ಡೀಸೆಲ್ ಪಂಪು, ನಾಝಲ್‌ಗಳನ್ನು ತಯಾರಿಸುತ್ತಿತ್ತು. 2008ರಲ್ಲಿ ಅದರ ಹೆಸರು ಬಾಷ್ ಎಂದೇ ಆಯಿತು. ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಇಂದಿಗೂ ‘ಮೈಕೋ ಪಂಪು’. ಪಂಪು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಬೆಂಚಿನ ಮೇಲೆ ಕ್ಯಾಲಿಬ್ರೇಷನ್ ಮಾಡಿಕೊಡುವ ಅಂಗಡಿಗಳು ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಇದ್ದವು.

ಹೊಗೆ ನಿಯಮ ಬಿಗಿಯಾದಾಗ ಆ ಪಂಪಿನ ಕೈಯಲ್ಲಿ ಕೆಲಸ ಸಾಗದಾಯಿತು. 1997ರಲ್ಲಿ ಇಟಲಿಯ ಆಲ್ಫಾ ರೋಮಿಯೋ 156 ಕಾರಿನಲ್ಲಿ ಕಾಮನ್ ರೈಲ್ ವ್ಯವಸ್ಥೆ ಬಂತು. ಒಂದೇ ಕೊಳವೆಯಲ್ಲಿ ಸಾವಿರಾರು ಬಾರ್ ಒತ್ತಡದಲ್ಲಿ ಡೀಸೆಲ್ ಕಾದಿರುತ್ತದೆ. ಕಂಪ್ಯೂಟರ್ ಹೇಳಿದ ಗಳಿಗೆಗೆ, ಹೇಳಿದಷ್ಟೇ, ಒಂದು ಸುತ್ತಿಗೆ ಹಲವು ಕಂತುಗಳಲ್ಲಿ ನಾಝಲ್ ಚಿಮ್ಮಿಸುತ್ತದೆ. ಹನಿ ಸಣ್ಣದಾದಷ್ಟೂ ಮಸಿ ಕಡಿಮೆ. ನೇರ ಸಿಲಿಂಡರಿಗೇ ಚಿಮ್ಮಿಸುವುದರಿಂದ ಹಳೆಯ ಎಂಜಿನ್ನಿಗಿಂತ ಶೇ. 10ರಿಂದ 15ರಷ್ಟು ಇಂಧನವೂ ಉಳಿಯಿತು, ಪಿಕಪ್ ಕೂಡ ಹೆಚ್ಚಿತು. ಮಾರುತಿ, ಟಾಟಾ, ಫಿಯಟ್ ಎಲ್ಲರೂ ಬಳಸಿದ 1.3 ಲೀಟರಿನ ಮಲ್ಟಿಜೆಟ್ ಎಂಜಿನ್ ಈ ಪೀಳಿಗೆಯದು. 2017ರ ಡಿಸೈರ್ ಕಾರಿನಲ್ಲಿ ಅದೇ ಎಂಜಿನ್ನಿಗೆ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಲೀಟರಿಗೆ 28.40 ಕಿ.ಮೀ. ರಸ್ತೆಯಲ್ಲಿ ಅಷ್ಟು ಬರಲಿಲ್ಲ ಎಂಬುದು ಬೇರೆ ಮಾತು.

ಹೀಗೆ ಬಿಎಸ್-4ರವರೆಗೆ ಹೊಗೆಯೂ ಇಳಿಯಿತು, ಮೈಲೇಜೂ ಏರಿತು. ಬೆಲೆ ಏರಿದ್ದೂ ನಿಜ. ಕಲಬೆರಕೆ ಡೀಸೆಲ್ ಕುಡಿದು ಇಂಜೆಕ್ಟರ್ ಕೆಟ್ಟರೆ ತಾಲ್ಲೂಕಿನ ಪಂಪಿನಂಗಡಿಯವನು ಕೈಚೆಲ್ಲಿದ. ರಿಪೇರಿಯ ಜಾಗಕ್ಕೆ ‘ಹೊಸದು ಹಾಕಬೇಕು ಸಾರ್’ ಎಂಬ ಮಾತು ಬಂತು. ನಿಯಮದ ಬೆಲೆಯನ್ನು ಲೆಕ್ಕ ಹಾಕುವಾಗ ಯಾರೂ ಸೇರಿಸದ ಬಾಬ್ತು ಇದು.

ಸೈಲೆನ್ಸರ್ ದುಬಾರಿಯಾದ ಬಗೆ

ಬಿಎಸ್-6ರ ಹೊತ್ತಿಗೆ ಎಂಜಿನ್ನಿನೊಳಗೆ ಮಾಡಬಹುದಾದ ಚೌಕಾಸಿ ಬಹುಪಾಲು ಮುಗಿದಿತ್ತು. ಉಳಿದ ಕೆಲಸ ಹೊಗೆ ಕೊಳವೆಯ ಪಾಲಿಗೆ ಬಂತು. ಈಗಿನ ಡೀಸೆಲ್ ಕಾರಿನ ಕೆಳಗೆ ಬಗ್ಗಿ ನೋಡಿದರೆ ಕಾಣುವುದು ಒಂದು ಚಿಕ್ಕ ರಾಸಾಯನಿಕ ಕಾರ್ಖಾನೆ. ಮೊದಲು ಆಕ್ಸಿಡೇಷನ್ ಕ್ಯಾಟಲಿಸ್ಟ್. ಅದರ ಬೆನ್ನಿಗೆ ಡಿಪಿಎಫ್ ಎಂಬ ಮಸಿ ಫಿಲ್ಟರ್. ಜೇನುಗೂಡಿನಂಥ ಪಿಂಗಾಣಿ, ಒಂದು ಬಿಟ್ಟು ಒಂದು ತೂತಿನ ಬಾಯಿ ಮುಚ್ಚಿರುತ್ತದೆ, ಹೊಗೆ ಗೋಡೆಯ ಮೂಲಕವೇ ಸೋಸಿಕೊಂಡು ಹೋಗಬೇಕು. ನಾಕ್ಸ್‌ಗೆ ಎರಡು ದಾರಿ. ಚಿಕ್ಕ ಕಾರುಗಳಲ್ಲಿ ನಾಕ್ಸನ್ನು ಹೀರಿಟ್ಟುಕೊಂಡು ಆಗಾಗ ಡೀಸೆಲ್ ಹೆಚ್ಚು ಸುರಿದು ಶುದ್ಧಗೊಳಿಸುವ ಎಲ್‌ಎನ್‌ಟಿ. ಭಾರದ ಗಾಡಿಗಳಲ್ಲಿ ಯೂರಿಯಾ ದ್ರಾವಣ ಚಿಮ್ಮಿಸಿ, ಅದರಿಂದ ಬರುವ ಅಮೋನಿಯಾದ ನೆರವಿನಿಂದ ನಾಕ್ಸನ್ನು ಮತ್ತೆ ನೈಟ್ರೋಜನ್ ಮತ್ತು ನೀರಾಗಿಸುವ ಎಸ್‌ಸಿಆರ್. ಇವುಗಳ ಜೊತೆಗೆ ಉಷ್ಣತೆ, ಒತ್ತಡ, ನಾಕ್ಸ್ ಅಳೆಯುವ ಸೆನ್ಸರ್‌ಗಳ ಸಾಲು. ಒಳಗೆ ಲೇಪಿಸಿರುವುದು ಪ್ಲಾಟಿನಂ, ಪಲ್ಲಾಡಿಯಂನಂಥ ಬೆಲೆಬಾಳುವ ಲೋಹ.

ಈ ಸಾಮಗ್ರಿಯ ಖರ್ಚು ಎಂಜಿನ್ನಿನ ಗಾತ್ರದ ಜೊತೆ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ ಎಂಬುದು ಇಡೀ ಕಥೆಯ ಕೀಲು. 800 ಸಿ.ಸಿ. ಎಂಜಿನ್ನಿಗೂ ಅಷ್ಟೇ ಸೆನ್ಸರ್ ಬೇಕು, 2800 ಸಿ.ಸಿ. ಎಂಜಿನ್ನಿಗೂ ಅಷ್ಟೇ. 35 ಲಕ್ಷದ ಗಾಡಿಯ ಬೆಲೆಯಲ್ಲಿ ಒಂದೂವರೆ ಲಕ್ಷ ಕಾಣದೆ ಹೋಗುತ್ತದೆ, ಏಳು ಲಕ್ಷದ ಗಾಡಿಯಲ್ಲಿ ಅದು ಕುತ್ತಿಗೆಗೆ ಕಲ್ಲು. ಬಿಎಸ್-6ರಿಂದ ಡೀಸೆಲ್ ಕಾರಿನ ಬೆಲೆ ಒಂದರಿಂದ ಒಂದೂವರೆ ಲಕ್ಷ ಏರುತ್ತದೆ ಎಂಬುದು ಆಗ ಉದ್ಯಮದವರು ಮತ್ತೆ ಮತ್ತೆ ಹೇಳುತ್ತಿದ್ದ ಅಂದಾಜು.

ತೆರಿಗೆ ಈ ಹೊರೆಯನ್ನು ಇನ್ನಷ್ಟು ಉಬ್ಬಿಸುತ್ತದೆ. ನಾಲ್ಕು ಮೀಟರಿಗಿಂತ ಚಿಕ್ಕ, 1500 ಸಿ.ಸಿ. ಒಳಗಿನ ಡೀಸೆಲ್ ಕಾರಿಗೆ 2025ರ ಸೆಪ್ಟೆಂಬರಿನವರೆಗೆ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ. 31. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ಜೀವಾವಧಿ ತೆರಿಗೆ ಶೇ. 14. ಕಾರ್ಖಾನೆಯಲ್ಲಿ ಹೊಗೆ ಶುದ್ಧಿಗೆಂದು ಒಂದು ಲಕ್ಷ ರೂಪಾಯಿ ಸಾಮಾನು ಹಾಕಿದರೆ, ಅದು ಶೋರೂಮಿನಲ್ಲಿ 1.31 ಲಕ್ಷ, ಆರ್‌ಟಿಒ ಮುಗಿಸಿ ಹೊರಬರುವಾಗ 1.49 ಲಕ್ಷ. ಡೀಲರ್ ಕಮಿಷನ್, ತೆರಿಗೆಯ ಮೇಲಿನ ಸೆಸ್, ವಿಮೆ ಎಲ್ಲ ಬಿಟ್ಟು ಇಷ್ಟು. ಗಾಳಿಯನ್ನು ಶುದ್ಧಮಾಡುವ ಸಾಮಾನಿಗೂ ಸರ್ಕಾರ ತೆರಿಗೆ ಕಿತ್ತುಕೊಳ್ಳುತ್ತದೆ, ಅದೂ ಮೂಲ ಖರ್ಚಿನ ಅರ್ಧದಷ್ಟು. ಸೆಪ್ಟೆಂಬರ್ 22ರ ಬದಲಾವಣೆಯಿಂದ ಈ ವರ್ಗಕ್ಕೆ ಜಿಎಸ್‌ಟಿ ಶೇ. 18 ಆದ ಮೇಲೆ ಅದೇ ಲಕ್ಷ ಈಗ 1.35 ಲಕ್ಷದ ಹತ್ತಿರ ನಿಲ್ಲುತ್ತದೆ. ಅಷ್ಟರಲ್ಲಿ ಆ ವರ್ಗದ ಡೀಸೆಲ್ ಕಾರುಗಳೇ ಬೆರಳೆಣಿಕೆಗೆ ಇಳಿದಿದ್ದವು.

ಮಾರುತಿ 2015ರಲ್ಲಿ ಸೆಲೆರಿಯೋ ಕಾರಿಗೆ 793 ಸಿ.ಸಿ.ಯ ಎರಡು ಸಿಲಿಂಡರ್ ಡೀಸೆಲ್ ಎಂಜಿನ್ ತಂದಿತ್ತು. ಪ್ರಮಾಣಪತ್ರದಲ್ಲಿ 27.62 ಕಿ.ಮೀ. ಮೈಲೇಜ್. ಗಿರಾಕಿಗಳು ಒಲಿಯದೆ ಎರಡು ವರ್ಷದಲ್ಲಿ ಅದು ನಿಂತಿತು. ಬಿಎಸ್-6 ಬರದಿದ್ದರೂ ಸಾಯುತ್ತಿತ್ತು ಎಂದುಕೊಳ್ಳೋಣ. ಆದರೆ 2019ರಲ್ಲಿ ಅದೇ ಕಂಪನಿ ಸ್ವಂತವಾಗಿ ರೂಪಿಸಿದ 1.5 ಲೀಟರ್ ಡೀಸೆಲ್ ಎಂಜಿನ್ ಬಾಳಿದ್ದು ಸುಮಾರು ಒಂದು ವರ್ಷ. ಚಿಕ್ಕ ಡೀಸೆಲ್ ಕಾರನ್ನು ಬಿಎಸ್-6ಕ್ಕೆ ಏರಿಸಿದರೆ ಕೊಳ್ಳುವವರಿರುವುದಿಲ್ಲ ಎಂದು ಲೆಕ್ಕ ಹಾಕಿ ದೇಶದ ಅತಿ ದೊಡ್ಡ ಕಾರು ಕಂಪನಿ 2020ರ ಏಪ್ರಿಲ್‌ನಿಂದ ಡೀಸೆಲ್ಲನ್ನೇ ಕೈಬಿಟ್ಟಿತು. ಫೋಕ್ಸ್‌ವ್ಯಾಗನ್, ಸ್ಕೋಡಾ, ರೆನೋ, ನಿಸ್ಸಾನ್ ಕೂಡ ಆ ಸುಮಾರಿಗೆ ಹಿಂದೆ ಸರಿದವು. ಟಾಟಾ ಟಿಯಾಗೋದ ಡೀಸೆಲ್ ನಿಂತಿತು. ಹೆಚ್ಚಾಗಿ ಉಳಿದುಕೊಂಡದ್ದು ಇನ್ನೋವಾ, ಫಾರ್ಚೂನರ್, ಸ್ಕಾರ್ಪಿಯೋ, ಬೊಲೆರೋಗಳಂಥ ಭಾರದ ಗಾಡಿಗಳು.

ಕಳೆದುಹೋದ ಮೈಲೇಜ್ ಎಷ್ಟು?

ಅದೇ ಎಂಜಿನ್ನು ಬಿಎಸ್-4ರಲ್ಲೂ ಬಿಎಸ್-6ರಲ್ಲೂ ಇದ್ದ ಕಾರುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಉತ್ತರ ಸಿಗುತ್ತದೆ. ಹೋಂಡಾ ಅಮೇಜ್‌ನ 1.5 ಲೀಟರ್ ಡೀಸೆಲ್ ಗೇರಿನ ಗಾಡಿ ಬಿಎಸ್-4ರಲ್ಲಿ ಪ್ರಮಾಣಪತ್ರದ ಪ್ರಕಾರ 27.4 ಕಿ.ಮೀ. ಕೊಡುತ್ತಿದ್ದುದು ಬಿಎಸ್-6ರಲ್ಲಿ 24.7ಕ್ಕೆ ಇಳಿಯಿತು. ಶೇ. 10ರಷ್ಟು ನಷ್ಟ. ಫೋರ್ಡ್ ಇಕೋಸ್ಪೋರ್ಟ್ 23ರಿಂದ 21.7ಕ್ಕೆ ಬಂತು, ಶೇ. 6ಕ್ಕಿಂತ ಕಡಿಮೆ. ಹೊಸದಾಗಿ ಎಂಜಿನ್ ರೂಪಿಸಿದ ಕಡೆ ಈ ನಷ್ಟವನ್ನು ಬೇರೆ ಸುಧಾರಣೆಗಳು ನುಂಗಿಹಾಕಿದ್ದೂ ಉಂಟು. 20 ಕಿ.ಮೀ. ಕೊಡುತ್ತಿದ್ದ ಗಾಡಿ 18.5 ಕೊಡುವುದು ಬೇಸರದ ಸಂಗತಿಯೇ. ಆದರೆ ಡೀಸೆಲ್ ಮಾರುಕಟ್ಟೆಯನ್ನು ನೆಲಕ್ಕೆ ಕೆಡವುವಷ್ಟು ದೊಡ್ಡದಲ್ಲ.

ನಷ್ಟ ಎಲ್ಲಿ ಆಗುತ್ತದೆ ಎಂಬುದನ್ನು ಒಂದು ಕಾರಿನಲ್ಲೇ ನೋಡಬಹುದು. ಜಯನಗರದ ಮನೆಯಿಂದ ನಾಲ್ಕೈದು ಕಿಲೋಮೀಟರ್ ದೂರದ ಆಫೀಸಿಗೆ ದಿನವೂ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ಡೀಸೆಲ್ ಗಾಡಿ. ಹೊಗೆ ಕೊಳವೆ ಸರಿಯಾಗಿ ಕಾಯುವುದೇ ಇಲ್ಲ. ಫಿಲ್ಟರಿನಲ್ಲಿ ಮಸಿ ತುಂಬುತ್ತಾ ಬರುತ್ತದೆ. ತುಂಬಿದ ಫಿಲ್ಟರನ್ನು ಖಾಲಿ ಮಾಡಲು ಕಂಪ್ಯೂಟರ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಕೊಳವೆಯನ್ನು 600 ಡಿಗ್ರಿಯವರೆಗೆ ಕಾಯಿಸಿ ಮಸಿಯನ್ನು ಸುಡುತ್ತದೆ. ಈ ಸುಡುವ ಹೊತ್ತಿನಲ್ಲಿ ಮೀಟರಿನ ಮೈಲೇಜ್ ಅರ್ಧಕ್ಕೆ ಇಳಿಯುವುದೂ ಉಂಟು. ನಡುವೆಯೇ ಆಫೀಸು ಬಂತು, ಗಾಡಿ ಆಫ್ ಆಯಿತು, ಸುಟ್ಟದ್ದು ಅರೆಬರೆ. ಸುರಿದ ಡೀಸೆಲ್ಲಿನಲ್ಲಿ ಒಂದಿಷ್ಟು ಪಿಸ್ಟನ್ ದಾಟಿ ಎಂಜಿನ್ ಆಯಿಲಿಗೆ ಸೇರುತ್ತದೆ. ಆಯಿಲ್ ಕಡಿಮೆಯಾಗುವುದನ್ನು ಕಂಡಿದ್ದ ಮೆಕ್ಯಾನಿಕ್‌ಗಳಿಗೆ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಏರುವುದು ಹೊಸ ಅನುಭವ. ಕೊನೆಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ ಬರುವ ಉತ್ತರ ಒಂದೇ: ‘ಹೈವೇಗೆ ತಗೊಂಡ್ಹೋಗಿ ಅರ್ಧ ಗಂಟೆ ಓಡಿಸ್ಕೊಂಡ್ ಬನ್ನಿ ಸಾರ್, ತಾನೇ ಕ್ಲೀನ್ ಆಗುತ್ತೆ.’ ಉಳಿತಾಯಕ್ಕೆಂದು ಕೊಂಡ ಕಾರನ್ನು ಭಾನುವಾರ ಬೆಳಿಗ್ಗೆ ತುಮಕೂರು ರಸ್ತೆಯಲ್ಲಿ ಸುಮ್ಮನೆ ಓಡಿಸಿಕೊಂಡು ಬರಬೇಕು.

ಎಲ್‌ಎನ್‌ಟಿ ಇರುವ ಕಾರು ಶುದ್ಧಿಗೆ ತಾನೂ ಒಂದಿಷ್ಟು ಡೀಸೆಲ್ ತಿನ್ನುತ್ತದೆ. ಎಸ್‌ಸಿಆರ್‌ನ ಲೆಕ್ಕ ತಿರುವುಮುರುವು. ನಾಕ್ಸನ್ನು ಕೊಳವೆಯಲ್ಲಿ ನೋಡಿಕೊಳ್ಳುವವರಿರುವುದರಿಂದ ಎಂಜಿನ್ನನ್ನು ಮತ್ತೆ ಮೈಲೇಜಿನ ಕಡೆಗೆ ವಾಲಿಸಬಹುದು. ಅದರ ಬೆಲೆ ಯೂರಿಯಾ ದ್ರಾವಣದ ರೂಪದಲ್ಲಿ ತೆರಬೇಕು. ಶೇ. 32.5 ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಬಂಕುಗಳಲ್ಲಿ ಇದರ ಹೆಸರು ಡಿಇಎಫ್, ಕ್ಯಾನಿನ ಮೇಲೆ ಬಹಳ ಸಲ ಆ್ಯಡ್‌ಬ್ಲೂ. ಕಾರಿನಲ್ಲಿ ಸಾವಿರ ಕಿ.ಮೀ.ಗೆ ಒಂದೆರಡು ಲೀಟರ್ ಹಿಡಿದರೂ ಕಿಲೋಮೀಟರಿಗೆ ಹತ್ತು ಹದಿನೈದು ಪೈಸೆ. ಟ್ಯಾಂಕು ಬರಿದಾದರೆ ಗಾಡಿ ಮತ್ತೆ ಸ್ಟಾರ್ಟ್ ಆಗದು. ಮನೆಯಲ್ಲಿ ಬೇವು ಲೇಪಿಸಿದ ಯೂರಿಯಾ ಚೀಲ ಇದೆಯಲ್ಲ, ಕಲಸಿ ಹಾಕೋಣ ಎಂದು ಯಾರೂ ಹೊರಡಬಾರದು. ಗೊಬ್ಬರದ ಕಲ್ಮಶ ಇಂಜೆಕ್ಟರಿನಲ್ಲೂ ಕ್ಯಾಟಲಿಸ್ಟಿನಲ್ಲೂ ಕಟ್ಟಿಕೊಂಡರೆ ಉಳಿಸಿದ ನೂರು ರೂಪಾಯಿಗೆ ದಂಡ ಲಕ್ಷಕ್ಕೆ ಹೋಗುತ್ತದೆ.

ಪ್ರಯೋಗಾಲಯದಿಂದ ರಸ್ತೆಗೆ

ಹಳೆಯ ನಿಯಮಗಳ ದೊಡ್ಡ ತೂತು ಪರೀಕ್ಷೆಯದೇ. ರೋಲರಿನ ಮೇಲೆ, ಮೊದಲೇ ಗೊತ್ತಿರುವ ವೇಗದ ಪಟ್ಟಿಯಂತೆ ಓಡಿಸಿ ಹೊಗೆ ಅಳೆದರೆ ಸಾಕಿತ್ತು. ಪರೀಕ್ಷೆಯಲ್ಲಿ ಶುದ್ಧ, ರಸ್ತೆಯಲ್ಲಿ ಮೈಲೇಜ್ ಎಂಬ ಎರಡು ಮುಖದ ಗಾಡಿಗೆ ಅಲ್ಲಿ ಅವಕಾಶವಿತ್ತು. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡವೊಂದು ಕಾರಿನ ಹಿಂಬದಿಗೆ ಅಳತೆ ಯಂತ್ರ ಕಟ್ಟಿಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಿಸಿತು. ಆ ತಂಡದಲ್ಲಿ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಇದ್ದರು. 2014ರಲ್ಲಿ ಹೊರಬಂದ ಆ ವರದಿಯಲ್ಲಿ ಒಂದು ಫೋಕ್ಸ್‌ವ್ಯಾಗನ್ ಕಾರಿನ ನಾಕ್ಸ್ ಮಿತಿಯ 15ರಿಂದ 35 ಪಟ್ಟು ಇತ್ತು. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂಸ್ಥೆ ನೋಟಿಸು ಕೊಟ್ಟಿತು. ಪರೀಕ್ಷೆ ನಡೆಯುತ್ತಿದೆಯೇ ಎಂದು ಗುರುತಿಸಿ ಹೊಗೆ ಶುದ್ಧಿಯನ್ನು ಚಾಲೂ ಮಾಡುವ, ಉಳಿದ ಹೊತ್ತು ಸುಮ್ಮನಿರಿಸುವ ಸಾಫ್ಟ್‌ವೇರ್ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿತ್ತು ಎಂದು ಕಂಪನಿ ಒಪ್ಪಿಕೊಂಡಿತು. ಭಾರತದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ತಿದ್ದುಪಡಿಗೆ ವಾಪಸು ಕರೆಯಲಾಯಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ವಿಧಿಸಿತು.

ಬೆಲೆ, ಮೈಲೇಜ್, ಹೊಗೆ ಈ ಮೂರನ್ನೂ ಒಟ್ಟಿಗೆ ಸಾಧಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಈ ಮೋಸಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಇದರ ನಂತರ ಯುರೋಪು 2017ರಲ್ಲಿ, ಭಾರತ 2023ರ ಏಪ್ರಿಲ್‌ನಲ್ಲಿ ನಿಜವಾದ ರಸ್ತೆಯ ಪರೀಕ್ಷೆಯನ್ನು ಕಡ್ಡಾಯ ಮಾಡಿದವು. ಬಿಎಸ್-6ರ ಎರಡನೇ ಹಂತ ಎನ್ನುವುದು ಇದನ್ನೇ. ಮಿತಿಯ ಅಂಕಿ ಬದಲಾಗಲಿಲ್ಲ, ಅಳೆಯುವ ಜಾಗ ಬದಲಾಯಿತು. ಅಷ್ಟಕ್ಕೇ ಹೋಂಡಾ ತನ್ನ ಡೀಸೆಲ್ ಕಾರುಗಳನ್ನು ನಿಲ್ಲಿಸಿತು, ಹ್ಯುಂಡೈ ಐ20 ಮತ್ತು ವೆರ್ನಾದಿಂದ ಡೀಸೆಲ್ ಮಾಯವಾಯಿತು.

ಬಂಕಿನ ಲೆಕ್ಕ

ಡೀಸೆಲ್ಲಿನ ಇಳಿಗಾಲಕ್ಕೆ ಹೊಗೆ ನಿಯಮವೊಂದೇ ಕಾರಣವಲ್ಲ. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ, ಡೀಸೆಲ್ 41. ಪೆಟ್ರೋಲ್ ಬೆಲೆಯ ಮೇಲಿನ ಹಿಡಿತವನ್ನು ಸರ್ಕಾರ 2010ರಲ್ಲೇ ಬಿಟ್ಟಿತ್ತು, ಡೀಸೆಲ್ಲಿನ ಮೇಲೆ ಉಳಿಸಿಕೊಂಡಿತ್ತು. ರೈತನಿಗೂ ಲಾರಿಗೂ ಎಂದು ಕೊಟ್ಟ ಸಬ್ಸಿಡಿಯಲ್ಲಿ ಎಸ್‌ಯುವಿಗಳು ಓಡಿದವು. 2013ರ ಜನವರಿಯಿಂದ ತಿಂಗಳಿಗೆ ಐವತ್ತು ಪೈಸೆಯಂತೆ ಏರಿಸಿ, 2014ರ ಅಕ್ಟೋಬರಿನಲ್ಲಿ ಆ ಹಿಡಿತವೂ ಹೋಯಿತು. 2020ರ ಜೂನ್‌ನಲ್ಲಿ ದೆಹಲಿಯಲ್ಲಿ ಡೀಸೆಲ್ ಪೆಟ್ರೋಲನ್ನೇ ಮೀರಿಸಿತ್ತು. ಬಿಎಸ್-6 ಬರುವ ಮುನ್ನ, 2018-19ರಲ್ಲೇ, ಡೀಸೆಲ್ಲಿನ ಪಾಲು ಮೂರರಲ್ಲೊಂದಕ್ಕೆ ಸಮೀಪಿಸಿತ್ತು. ರಾಜಧಾನಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿ ಓಡುವಂತಿಲ್ಲ ಎಂದು ಹಸಿರು ನ್ಯಾಯಮಂಡಳಿ ಕೊಟ್ಟ ಆದೇಶವನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿದದ್ದು ಮರುಮಾರಾಟದ ಬೆಲೆಗೂ ಏಟು ಕೊಟ್ಟಿತು.

ಅಂಕಿಗಳನ್ನು ಕೂಡಿಸಿ ನೋಡೋಣ. ಪೆಟ್ರೋಲ್ ಗಾಡಿ ರಸ್ತೆಯಲ್ಲಿ 16, ಡೀಸೆಲ್ 20 ಕಿ.ಮೀ. ಕೊಡುತ್ತದೆ ಎಂದು ಇಟ್ಟುಕೊಂಡರೆ, 2012ರ ದೆಹಲಿಯ ದರದಲ್ಲಿ ಕಿಲೋಮೀಟರಿಗೆ ಉಳಿಯುತ್ತಿದ್ದುದು ಎರಡೂವರೆ ರೂಪಾಯಿ. ಹೆಚ್ಚುವರಿ ಕೊಟ್ಟ ಒಂದು ಲಕ್ಷ 40 ಸಾವಿರ ಕಿ.ಮೀ.ಯಲ್ಲಿ ವಾಪಸು. 2025ರ ಬೆಂಗಳೂರಿನ ದರ ಪೆಟ್ರೋಲಿಗೆ ಸುಮಾರು 103, ಡೀಸೆಲ್ಲಿಗೆ 91. ಉಳಿತಾಯ 1 ರೂಪಾಯಿ 89 ಪೈಸೆ. ಹೆಚ್ಚುವರಿ ಒಂದೂವರೆ ಲಕ್ಷವಾದರೆ ಅದು ತೀರಲು 79 ಸಾವಿರ ಕಿ.ಮೀ. ಬೇಕು. ದುಬಾರಿ ಎಂಜಿನ್ ಆಯಿಲ್, ಡಿಇಎಫ್, ಸಾಲದ ಬಡ್ಡಿ ಸೇರಿಸಿದರೆ ಅದು ಇನ್ನೂ ದೂರ ಸರಿಯುತ್ತದೆ.

ಹಳದಿ ಬೋರ್ಡಿನ ಇನ್ನೋವಾ ಇದನ್ನು ಒಂದೂವರೆ ವರ್ಷದಲ್ಲಿ ಮುಗಿಸುತ್ತದೆ, ಅದಕ್ಕೇ ಅದು ಉಳಿದಿದೆ. ಅದರ ಕಾರ್ಖಾನೆ ಬಿಡದಿಯಲ್ಲಿ. ಅದೇ ಬಿಡದಿಯಿಂದ 2022ರ ಕೊನೆಯಲ್ಲಿ ಹೊರಬಂದ ಇನ್ನೋವಾ ಹೈಕ್ರಾಸ್‌ಗೆ ಡೀಸೆಲ್ ಇಲ್ಲವೇ ಇಲ್ಲ. ಪೆಟ್ರೋಲಿಗೆ ಬ್ಯಾಟರಿ, ಮೋಟಾರು ಜೋಡಿಸಿದ ಆ ಗಾಡಿಯ ಪ್ರಮಾಣಪತ್ರ 23.24 ಕಿ.ಮೀ. ಡೀಸೆಲ್ಲಿನ ಹೊಗೆ ತೊಳೆಯಲು ಸುರಿಯುವ ಹಣವನ್ನು ಬ್ಯಾಟರಿಗೆ ಸುರಿದರೆ ಮೈಲೇಜೂ ಬರುತ್ತದೆ, ಫಿಲ್ಟರಿನ ತಲೆನೋವೂ ಇಲ್ಲ ಎಂದು ಕಂಪನಿಗಳು ಕಂಡುಕೊಂಡಿವೆ.

ಖರ್ಚು ತಪ್ಪಿಸಲು ಫಿಲ್ಟರನ್ನೇ ಕೊರೆದು ಖಾಲಿ ಮಾಡಿ, ಇಜಿಆರ್ ಮುಚ್ಚಿ, ಕಂಪ್ಯೂಟರಿಗೆ ‘ರೀಮ್ಯಾಪ್’ ಮಾಡಿಕೊಡುವ ಗ್ಯಾರೇಜುಗಳೂ ಹುಟ್ಟಿಕೊಂಡಿವೆ. ಇದು ಕಾನೂನುಬಾಹಿರ. ರಸ್ತೆ ಬದಿಯ ಎಮಿಷನ್ ಟೆಸ್ಟ್ ವ್ಯಾನಿನಲ್ಲಿ ಡೀಸೆಲ್ ಗಾಡಿಗೆ ಅಳೆಯುವುದು ಆಕ್ಸಿಲರೇಟರ್ ಒತ್ತಿದಾಗ ಬರುವ ಹೊಗೆಯ ಕಪ್ಪನ್ನು ಮಾತ್ರ. ನಾಕ್ಸ್ ಅಲ್ಲಿ ಲೆಕ್ಕಕ್ಕೇ ಇಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಬಿಎಸ್-6 ಡೀಸೆಲ್ ಕೊಳ್ಳುವವರು ಎಮಿಷನ್ ಸರ್ಟಿಫಿಕೇಟನ್ನು ನಂಬಿ ಕೂರದೆ, ಗಾಡಿಯನ್ನು ಲಿಫ್ಟಿಗೆ ಏರಿಸಿ ಫಿಲ್ಟರ್ ಇದೆಯೇ ಎಂದು ನೋಡಿಸಬೇಕು, ಸ್ಕ್ಯಾನರ್ ಹಾಕಿಸಿ ಅದರಲ್ಲಿ ಎಷ್ಟು ಮಸಿ ತುಂಬಿದೆ ಎಂದು ಓದಿಸಬೇಕು. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಓಡಿಸುವವರಿಗಂತೂ ಹೊಸ ಡೀಸೆಲ್ ಕಾರಿಗೆ ಹೆಚ್ಚು ಕೊಟ್ಟ ದುಡ್ಡು ಎಂಟು ವರ್ಷದೊಳಗೆ ಕೈಸೇರುವುದಿಲ್ಲ.